ಹಿತ್ತಲ ಚಕ್ಕೋತ ಹೋಯಿತು, ಸೈಟು ಬಂತು!

ದೇವನಹಳ್ಳಿಯಲ್ಲಿ ಬಸ್ಸಿನಿಂದ ಇಳಿದು ಯಾರನ್ನಾದರೂ "ಚಕ್ಕೋತ ಎಲ್ಲಿ ಸಿಗುತ್ತೆ ಸ್ವಾಮಿ?" ಅಂತ ಕೇಳಿ ನೋಡಿ. "ಸೊಪ್ಪಾ, ಹಣ್ಣಾ?" ಅಂತ ನಿಮ್ಮನ್ನೇ ವಾಪಸು ಕೇಳುತ್ತಾರೆ. ಊರಿಗೇ ಹೆಸರು ತಂದ ಹಣ್ಣಿಗೆ ಇಂಥ ಗತಿ!

ನಾವು ಹೇಳುತ್ತಿರುವುದು ಹಣ್ಣಿನ ಮಾತು. ನಿಂಬೆ, ಕಿತ್ತಳೆ, ಮೂಸಂಬಿಗಳ ಕುಲದಲ್ಲಿ ಇದೇ ಹಿರಿಯಣ್ಣ; ಗಾತ್ರದಲ್ಲಿ ಇದನ್ನು ಮೀರಿಸುವ ಹಣ್ಣು ಆ ಕುಲದಲ್ಲಿಲ್ಲ. ಬೇರೆ ಕಡೆಯ ಚಕ್ಕೋತ ಎಷ್ಟೋ ಸಲ ಹುಳಿ, ಒಗರು. ದೇವನಹಳ್ಳಿಯದು ಸಿಹಿ. ಅದಕ್ಕೇ ಅದಕ್ಕೆ ಜಿ.ಐ. ಮಾನ್ಯತೆಯೂ ಸಿಕ್ಕಿದೆ. ಅಂದರೆ ಈ ಹೆಸರು ಈ ಸೀಮೆಯ ಹಣ್ಣಿಗೇ ಮೀಸಲು ಅಂತ ಸರ್ಕಾರದ ಮೊಹರು.

ಮೊಹರು ಬಿತ್ತು, ಮರಗಳು ಕಡಿಮೆಯಾದವು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಜಮೀನಿನ ಬೆಲೆ ವಿಮಾನಕ್ಕಿಂತ ಮೇಲೆ ಹಾರಿತು. ತೋಟ ಲೇಔಟಾಯಿತು, ಹಿತ್ತಲು ಬಾಡಿಗೆ ಮನೆಯಾಯಿತು. ಮಾರಿಕೊಂಡವರನ್ನು ಬೈದು ಫಲವೇನು? ಮಗಳ ಮದುವೆ, ಮಗನ ಓದು ಎಲ್ಲ ಚಕ್ಕೋತ ಮಾರಿ ಆಗುತ್ತದೆಯೇ?

ಆದರೂ ಒಂದು ಹಿತ್ತಲಿಗೆ ಒಂದು ಗಿಡ ಕಷ್ಟವೇನಲ್ಲ. ಇಲ್ಲಿ ನಮ್ಮ ಮನೆಯ ಕತೆ ಹೇಳಲೇಬೇಕು. ನಾನು ಸ್ಕೂಲಿಗೆ ಹೋಗುವಾಗ ಅಪ್ಪ ಒಳ್ಳೆ ಹಣ್ಣು ತಿಂದು, ಅದರ ಬೀಜವನ್ನೇ ಬಾವಿ ಪಕ್ಕ ಹಾಕಿದರು. ಒಂಬತ್ತು ವರ್ಷ ಕಾದೆವು. ಬಿಟ್ಟ ಹಣ್ಣು ಬಾಯಿಗಿಟ್ಟರೆ ಕಹಿ! ಅಪ್ಪ ಬಾವಿ ನೀರನ್ನು ಬೈದರು. ತಪ್ಪು ನೀರಿನದಲ್ಲ, ಬೀಜದ್ದು. ಚಕ್ಕೋತದ ಒಂದು ಬೀಜದಲ್ಲಿ ಒಂದೇ ಮೊಳಕೆ. ಅದು ತಾಯಿ ಮರ, ಪರಾಗ ಕೊಟ್ಟ ಮರ ಎರಡರ ಬೆರಕೆ. ತಾಯಿಯ ರುಚಿಯೇ ಬರುತ್ತದೆಂಬ ಭರವಸೆ ಇಲ್ಲ.

ಅದಕ್ಕೆ ಗೂಟಿ ಕಟ್ಟಬೇಕು. ಹಣ್ಣು ತಿಂದು ರುಚಿ ನೋಡಿದ ಮರವನ್ನೇ ಆರಿಸಿ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಸಿಪ್ಪೆಯನ್ನು ಸುತ್ತಲೂ ತೆಗೆದು, ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಹಾಳೆ ಬಿಗಿದರೆ ಅಲ್ಲೇ ಬೇರು ಬಿಡುತ್ತದೆ. ಬೇರು ತುಂಬಿದ ಮೇಲೆ ಕತ್ತರಿಸಿ, ಕೆಲವು ವಾರ ನೆರಳಲ್ಲಿ ಸಾಕಿ, ಆಮೇಲೆ ನೆಲಕ್ಕಿಡಿ. ಹೀಗೆ ಬೆಳೆದ ಗಿಡ ಮೂರ್ನಾಲ್ಕು ವರ್ಷಕ್ಕೆ ಹೂ ತೋರಿಸುತ್ತದೆ. ಕಸಿ ಗಿಡ ಕೊಳ್ಳುವುದಾದರೆ, ಕಸಿಯ ಕೆಳಗೆ ಬರುವ ಚಿಗುರನ್ನು ಮುಲಾಜಿಲ್ಲದೆ ಕಿತ್ತುಹಾಕಿ.

ಬಿಸಿಲು ಚೆನ್ನಾಗಿ ಬೀಳುವ ಜಾಗ ಬೇಕು. ಎರಡೂವರೆ ಅಡಿ ಗುಂಡಿ, ಅದಕ್ಕೆ ಕೊಟ್ಟಿಗೆ ಗೊಬ್ಬರ. ನೀರು ಕೊಡಿ, ಆದರೆ ಬುಡದಲ್ಲಿ ನಿಲ್ಲಿಸಬೇಡಿ. ಬಚ್ಚಲ ನೀರಿನ ಕೆಸರಲ್ಲಿ ನೆಟ್ಟರೆ ಕಾಂಡ ಅಂಟು ಸುರಿಸಿ ಕೊಳೆಯುತ್ತದೆ. ಕಾಂಡಕ್ಕೆ ಮಣ್ಣು ಏರಿಸಲೂಬಾರದು. ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಹತ್ತಿರ ಹೋಗಿ ನೋಡಿ. ಅದು ಚಿಟ್ಟೆಯ ಮರಿ ಹುಳ, ರಾತ್ರಿ ಹಗಲು ಎಲೆ ಮೇಯುತ್ತದೆ. ಔಷಧಿ ಬೇಡ, ಕೈಯಲ್ಲೇ ಆರಿಸಿ ತೆಗೆದರೆ ಸಾಕು.

ಇನ್ನೊಂದು ಮಾತು. ಬಿ.ಪಿ.ಗೋ ಕೊಲೆಸ್ಟರಾಲಿಗೋ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿ ತಿನ್ನಿ. ಕೆಲವು ಮಾತ್ರೆಗಳ ಬಲವನ್ನು ಈ ಹಣ್ಣು ರಕ್ತದಲ್ಲಿ ಏರಿಸಿಬಿಡುತ್ತದೆ. ಉಳಿದವರು ಸಿಪ್ಪೆ ಬಿಡಿಸಿ, ಉಪ್ಪು ಖಾರ ಸವರಿ ಕೂತುಕೊಳ್ಳಿ.

ಮೊನ್ನೆ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. "ನಮ್ಮ ಮನೇಲಿ ಒಂದು ಮರ ಉಳಿದೈತೆ ಕಣಪ್ಪಾ. ಹುಡುಗರು ಮಾರಾಣ ಅಂತವ್ರೆ" ಅಂದರು. "ಮಾರೋಕೆ ಮುಂಚೆ ನಾಲ್ಕು ಗೂಟಿ ಕಟ್ಟಿಸಿ ಯಜಮಾನ್ರೇ, ಒಂದು ನನಗೆ ಕೊಡಿ" ಅಂದೆ.

ಹೂಂ ಅಂದಿದ್ದಾರೆ. ಈ ಮಳೆಗಾಲಕ್ಕೆ ಪಾಚಿ, ಪ್ಲಾಸ್ಟಿಕ್ ಹಾಳೆ, ದಾರ ನಾನೇ ತಗೊಂಡು ಹೋಗುತ್ತೇನೆ. ಅಪ್ಪನ ಕಹಿ ಮರದ ಪಕ್ಕ ಇನ್ನೊಂದಕ್ಕೆ ಜಾಗ ಇದೆ.