ಗಂಡನಿಗೆ ಎಚ್-1ಬಿ, ಹೆಂಡತಿಗೆ ಕೆಲಸ ಯಾವಾಗ?

ಬೆಂಗಳೂರಲ್ಲಿ ಹತ್ತು ವರ್ಷ ಟೀಮ್ ನಡೆಸಿದವಳು. ಗಂಡನಿಗೆ ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಕಾಂಟ್ರಾಕ್ಟ್ ಸಿಕ್ಕಿತು, ಇವಳ ಪಾಸ್‌ಪೋರ್ಟಿಗೆ ಅವಲಂಬಿತರಿಗೆ ಕೊಡುವ ಎಚ್-4 ವೀಸಾ ಬಿತ್ತು. ಅಲ್ಲಿ ಓದಬಹುದು, ಬ್ಯಾಂಕ್ ಖಾತೆ ತೆರೆಯಬಹುದು. ದುಡಿಯುವ ಹಾಗಿಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನನಗನಿಸುತ್ತದೆ.

2015ರಿಂದ ಒಂದು ದಾರಿ ಇದೆ: ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್. ಆದರೆ ಎಲ್ಲರಿಗೂ ಸಿಗಲ್ಲ. ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿರಬೇಕು. ಇಲ್ಲವೇ, ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿದೆ ಅಂತ ಅವರ ಎಚ್-1ಬಿ ಆರು ವರ್ಷದ ಮಿತಿ ದಾಟಿ ಮುಂದುವರಿದಿರಬೇಕು.

ಕಾರ್ಡ್ ಈಗಾಗಲೇ ಇದೆಯಾ? ತೆಗೆದು, ಮುಗಿಯುವ ದಿನಾಂಕ ನೋಡಿ. 2025ರ ಅಕ್ಟೋಬರ್ 30ರಿಂದೀಚೆಗೆ ಹಾಕಿದ ನವೀಕರಣ ಅರ್ಜಿಗೆ ಅವಧಿ ತಾನಾಗಿ ಮುಂದುವರಿಯಲ್ಲ. ಕಾರ್ಡ್ ಮುಗಿಯುವ ದಿನಾಂಕ ದಾಟಿತು, ಹೊಸ ಕಾರ್ಡ್ ಬಂದಿಲ್ಲ ಅಂದರೆ ಕೆಲಸ ನಿಲ್ಲಿಸಲೇಬೇಕು. ಅದಕ್ಕೇ ಅವಧಿ ಮುಗಿಯಲು 180 ದಿನ ಇರುವಾಗಲೇ ಅರ್ಜಿ ಹಾಕಿಬಿಡಿ.

ಇನ್ನು ಕ್ಲೈಂಟ್ ಬದಲಾಗಿ ಗಂಡ ದೂರದ ಊರಿಗೆ ಹೋಗಬೇಕಾದರೆ, ಕಂಪನಿ ಮೊದಲು ತಿದ್ದುಪಡಿ ಅರ್ಜಿ ಹಾಕಬೇಕು. ಅವರ ಕೆಲಸವೇ ಹೋದರೆ ಅಮೆರಿಕದಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಇವಳ ಕೆಲಸ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಆ ಗಡುವು ಇವಳಿಗೂ ಅನ್ವಯ.