ನಡುಮನೆಯ ಅನುರಣನ

ನಡುಮನೆಯನ್ನು ನವೀಕರಿಸುವಾಗ ನಾವು ಬಣ್ಣ, ಬೆಳಕುಗಳನ್ನು ಕುರಿತು ಬಹಳ ಯೋಚಿಸುತ್ತೇವೆ, ಶಬ್ದವನ್ನು ಮರೆತುಬಿಡುತ್ತೇವೆ. ನುಣುಪಾದ ನೆಲ, ವಿಶಾಲವಾದ ಗಾಜು, ಗಟ್ಟಿ ಗಾರೆಯ ಗೋಡೆ ಎಲ್ಲವೂ ಅಂದವೇ ಸರಿ. ಆದರೆ ಕಿವಿ ಮಂದವಾದ ಅಜ್ಜಿಯವರು ಅಲ್ಲಿ ಮೊಮ್ಮಕ್ಕಳ ಮಾತು ತಿಳಿಯದೆ ಸುಮ್ಮನಾಗಿಬಿಡುತ್ತಾರೆ. ಇದಕ್ಕೆ ಕಾರಣವೇನು?

ಗಡಸು ಮೇಲ್ಮೈಗಳು ಶಬ್ದವನ್ನು ಹೀರದೆ ಹಿಂದಿರುಗಿಸುತ್ತವೆ. ಒಂದು ಅಕ್ಷರದ ಸದ್ದು ಅಡಗುವ ಮುನ್ನವೇ ಮುಂದಿನದು ಬಂದು ಅದರೊಡನೆ ಕಲೆಯುತ್ತದೆ. ಇದೇ ಅನುರಣನ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರವೊಂದರಲ್ಲಿ ಸದ್ದು ಸುಮಾರು 5.5 ಸೆಕೆಂಡು ಉಳಿಯುತ್ತಿದ್ದಿತು. ವ್ಯಾಲೇಸ್ ಸಬೈನರು 1895ರಿಂದ ಅಲ್ಲಿ ಆಸನದ ಮೆತ್ತೆಗಳನ್ನಿರಿಸಿ ಅಳೆಯುತ್ತ, 1898ರಲ್ಲಿ ನಿಯಮವೊಂದನ್ನು ಕಂಡುಕೊಂಡರು: ಕೋಣೆಯ ಘನಮೀಟರುಗಳನ್ನು 0.16ರಿಂದ ಗುಣಿಸಿ, ಚದರಮೀಟರುಗಳಲ್ಲಿ ಅಳೆದ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ.

5 ಮೀಟರು ಉದ್ದ, 4 ಮೀಟರು ಅಗಲ, 3 ಮೀಟರು ಎತ್ತರದ ಬರಿಯ ಕೋಣೆಯನ್ನು ಪರಿಗಣಿಸೋಣ. ಅದರ ಗಾತ್ರ 60 ಘನಮೀಟರು. ಹೀರಿಕೆ 4 ಎಂದಿಟ್ಟುಕೊಂಡರೆ ಕಾಲವು 2.4 ಸೆಕೆಂಡು. ಜಮಖಾನೆ, ದಪ್ಪ ಪರದೆ, ಮೆತ್ತೆಯ ಆಸನಗಳಿಂದ ಹೀರಿಕೆಯನ್ನು 16ಕ್ಕೆ ಏರಿಸಿದೆವಾದರೆ ಅದು 0.6 ಸೆಕೆಂಡಿಗೆ ಇಳಿಯುತ್ತದೆ.

ಆದುದರಿಂದ ಸಾಮಗ್ರಿಗಳನ್ನು ಕೊಳ್ಳುವ ಮುನ್ನ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟೋಣ. ಸದ್ದು ಎಳೆದಾಡಿದರೆ, ಗೋಡೆಯ ಬಣ್ಣಕ್ಕಿಂತ ಮೊದಲು ನೆಲಕ್ಕೊಂದು ಜಮಖಾನೆ ಬೇಕು. ಆಗ ಅಜ್ಜಿಯವರೂ ಮಾತುಕತೆಗೆ ಹಿಂದಿರುಗಿಯಾರು.