ಸೌತ್‌ಲೇಕ್‌ನ ಮನೆತೆರಿಗೆ, ಪಾವಗಡದ ಬಿಸಿಲು

ಡಲ್ಲಾಸ್ ಮತ್ತು ಫೋರ್ಟ್‌ವರ್ತ್ ನಗರಗಳ ನಡುವಣ ಸೌತ್‌ಲೇಕ್‌ಗೆ ಬರಬಯಸುವ ಕನ್ನಡಿಗರು ಸಾಮಾನ್ಯವಾಗಿ ಕೇಳುವ ಮಾತುಗಳು ಎರಡು: ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವಂತೆ, ಅಲ್ಲಿನ ಕ್ಯಾರಲ್ ಶಾಲಾ ಜಿಲ್ಲೆ ಬಹಳ ಉತ್ತಮವಂತೆ. ಒಕ್ಕೂಟ ಸರ್ಕಾರದ ಆದಾಯ ತೆರಿಗೆ ಇಲ್ಲಿಯೂ ಇದೆ ಎಂಬುದನ್ನು ಸೇರಿಸಿಕೊಂಡರೆ ಎರಡೂ ನಿಜ. ಆದರೆ ಶಾಲೆಗಳ ವೆಚ್ಚದ ದೊಡ್ಡ ಪಾಲು ಬರುವುದು ಮನೆತೆರಿಗೆಯಿಂದ.

ಈ ತೆರಿಗೆ ಮನೆಯ ಮೌಲ್ಯವನ್ನು ಅವಲಂಬಿಸಿರುತ್ತದೆಯೇ ಹೊರತು ಸಂಬಳವನ್ನಲ್ಲ. ಎಚ್‌-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ಉದ್ಯೋಗ ಹುಡುಕಲು ಹೆಚ್ಚೆಂದರೆ 60 ದಿನಗಳ ಅವಕಾಶ. ತೆರಿಗೆಯ ಬಿಲ್ಲು ಮಾತ್ರ ಯಾರ ಉದ್ಯೋಗಕ್ಕೂ ಕಾಯುವುದಿಲ್ಲ. ಸಂಬಳ ದೊಡ್ಡದಾದರೂ ಉಳಿತಾಯವೇಕೆ ಕಡಿಮೆ ಎಂದು ಊರಿನಲ್ಲಿ ಕೇಳುವ ಹಿರಿಯರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಮನೆಯ ಬೆಲೆಯನ್ನು ನೆಚ್ಚಿದ ಶಾಲಾ ವ್ಯವಸ್ಥೆಯಲ್ಲಿ ಬಡ ಊರಿನ ಮಕ್ಕಳು ಹಿಂದುಳಿಯುವುದು ಸಹಜ. ಸ್ಯಾನ್ ಆಂಟೋನಿಯೊದ ಎಡ್ಜ್‌ವುಡ್ ಶಾಲಾ ಜಿಲ್ಲೆಯ ಮೊಕದ್ದಮೆಯಲ್ಲಿ 1989ರಲ್ಲಿ ಟೆಕ್ಸಾಸ್‌ನ ಸರ್ವೋಚ್ಚ ನ್ಯಾಯಾಲಯವು ಈ ಅಸಮಾನತೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ತರುವಾಯ 1993ರ ಕಾಯಿದೆಯಂತೆ ಸಿರಿವಂತ ಶಾಲಾ ಜಿಲ್ಲೆಗಳು ತಮ್ಮ ತೆರಿಗೆಯ ಒಂದು ಪಾಲನ್ನು ರಾಜ್ಯಕ್ಕೆ ಒಪ್ಪಿಸತೊಡಗಿದವು. ಜನ ಇದನ್ನು 'ರಾಬಿನ್ ಹುಡ್' ಎನ್ನುತ್ತಾರೆ. ಕ್ಯಾರಲ್ ಕೂಡ ಹೀಗೆ ಹಣ ಕೊಟ್ಟಿದೆ.

1854ರಲ್ಲಿ 20 ಲಕ್ಷ ಡಾಲರುಗಳಿಂದ ಆರಂಭವಾದ ಶಾಶ್ವತ ಶಾಲಾ ನಿಧಿಗೆ ಸಾರ್ವಜನಿಕ ಭೂಮಿಯ ತೈಲ ಮತ್ತು ಅನಿಲದ ಆದಾಯವೂ ಸೇರುತ್ತದೆ. ನೆಲದಡಿಯ ಸಂಪತ್ತು ಮುಗಿದರೂ ಮಕ್ಕಳ ಪಾಲು ಉಳಿಯಲೆಂಬ ಈ ವಿವೇಕ ಮೆಚ್ಚತಕ್ಕದ್ದು.

ಆದರೆ ಇಂಧನದ ವಿಷಯದಲ್ಲಿ ಇದೇ ರಾಜ್ಯ ಎಡವಿದ್ದೂ ಉಂಟು. ಟೆಕ್ಸಾಸ್‌ನ ವಿದ್ಯುತ್ ಜಾಲ ನೆರೆರಾಜ್ಯಗಳಿಂದ ಬಹುಮಟ್ಟಿಗೆ ಪ್ರತ್ಯೇಕ. 2021ರ ಫೆಬ್ರವರಿಯ ಹಿಮಗಾಳಿಗೆ ಅನಿಲ ಪೂರೈಕೆ ಕುಸಿದು, ಸ್ಥಾವರಗಳು ನಿಂತು, ಲಕ್ಷಾಂತರ ಮನೆಗಳು ಕತ್ತಲಾದವು. ರಾಜ್ಯದ ಲೆಕ್ಕದಂತೆಯೇ 246 ಜನ ಸತ್ತರು. ಸಗಟು ದರ ಯೂನಿಟ್ಟಿಗೆ 9 ಡಾಲರಿಗೇರಿತು. ಮಾರುಕಟ್ಟೆ ದರದ ಒಪ್ಪಂದ ಮಾಡಿಕೊಂಡಿದ್ದವರಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂದಿತು.

ಪಾವಗಡದ ಸೌರ ಉದ್ಯಾನ ಇಲ್ಲಿ ನೆನಪಾಗುತ್ತದೆ. 2,050 ಮೆಗಾವ್ಯಾಟ್ ಸಾಮರ್ಥ್ಯದ ಆ ಯೋಜನೆಗೆ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತನಲ್ಲೇ ಉಳಿಯಿತು. ಆದರೆ ಭೂಮಿಯಿಲ್ಲದ ಕೂಲಿಯವನಿಗೆ ಗುತ್ತಿಗೆಯ ಹಣವಿಲ್ಲ, ಹೊಲದ ಕೆಲಸವೂ ಇಲ್ಲ. ಇಂಥ ಯೋಜನೆಗಳ ಆದಾಯದಲ್ಲಿ ಒಂದು ಪಾಲನ್ನು ಆಯಾ ತಾಲ್ಲೂಕಿನ ಶಾಲೆಗಳಿಗೂ ಐಟಿಐಗಳಿಗೂ ಶಾಶ್ವತ ನಿಧಿಯಾಗಿಟ್ಟರೆ ಆ ಕೂಲಿಯವನ ಮಗಳು ಅದೇ ಉದ್ಯಾನದಲ್ಲಿ ತಂತ್ರಜ್ಞೆಯಾಗಬಹುದು. ಟೆಕ್ಸಾಸ್‌ನಿಂದ ನಾವು ಕಲಿಯಬಹುದಾದ ಪಾಠ ಇದು.

ಇತ್ತ ಬರುವವರಿಗೆ ಒಂದೇ ಕಿವಿಮಾತು: ಮನೆ ಕೊಳ್ಳುವ ಮುನ್ನ ಸಾಲದ ಕಂತಿನೊಡನೆ ತೆರಿಗೆಯನ್ನೂ ಕೂಡಿಸಿ ನೋಡಿ, ವಿದ್ಯುತ್ ಕಂಪನಿಯ ಆಯ್ಕೆಯಿರುವೆಡೆ ಸ್ಥಿರ ದರದ ಒಪ್ಪಂದವನ್ನೇ ಆರಿಸಿಕೊಳ್ಳಿ, ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡ ಮೇಲಷ್ಟೇ ಸಹಿ ಹಾಕಿ.